ಸವಳು ಹೊಂಡಕ್ಕೆ ಗಿಡಮೂಲಿಕೆ ಮದ್ದು: ಐದು ಲೀಟರಿನ ಕ್ಯಾನು, ಅರಿಶಿಣದ ಡ್ರಮ್ಮು, ಬೆಳ್ಳುಳ್ಳಿ ಮೇವು

ಮೀನಿನ ರೋಗಕ್ಕೆಂದು 3,600 ರೂಪಾಯಿ ಕೊಟ್ಟು ತಂದ ಐದು ಲೀಟರಿನ ಕ್ಯಾನಿನಲ್ಲಿ ಇನ್ನೂ ಒಂದು ಲೀಟರ್ ಉಳಿದಿದೆ. ನಮ್ಮ ಮೋಟಾರ್ ಶೆಡ್ಡಿನಲ್ಲಿದೆ. ಅದರ ಹೆಸರು ನಾನು ಬರೆಯುವುದಿಲ್ಲ. ಇದೇ ಬಣ್ಣದ ಕ್ಯಾನು, ಇದೇ ಬೇವಿನ ಎಲೆಯ ಚಿತ್ರ, ಇದೇ ಮಾತುಗಳು ಇರುವ ಬೇರೆ ಬೇರೆ ಕಂಪನಿಯ ಮಾಲನ್ನು ನಾನೇ ಮೂರು ಅಂಗಡಿಯಲ್ಲಿ ನೋಡಿದ್ದೇನೆ. ಒಂದು ಹಂಗಾಮು ಪೂರ್ತಿ ಗಿಡಮೂಲಿಕೆ ಮದ್ದನ್ನೇ ನಂಬಿ ಹೊಂಡ ನಡೆಸಿದವಳ ಅನುಭವ ಅಂತ ಇದನ್ನು ಓದಿ. ಅಂಗಡಿಯ ಕ್ಯಾನಿಗೆ ನಾನು ಐದಕ್ಕೆ ಒಂದು ಕೊಡುತ್ತೇನೆ. ಮನೆಯಲ್ಲೇ ಮಾಡಿಕೊಂಡ ಸುಣ್ಣ-ಅರಿಶಿಣಕ್ಕೆ ಎರಡೂವರೆ. ಬೆಳ್ಳುಳ್ಳಿ ಬೆರೆಸಿದ ಮೇವಿಗೆ ನಾಲ್ಕು. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಸಿಂಧನೂರು ತಾಲೂಕು, ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಜಮೀನು. ಮೇಲಿನವರ ಗದ್ದೆಯ ಬಸಿನೀರು ವರ್ಷಗಟ್ಟಲೆ ನಿಂತು ಎರಡು ಎಕರೆ ಪೂರ್ತಿ ಸವಳಾಯಿತು. ಬೇಸಿಗೆಯಲ್ಲಿ ನೋಡಿದರೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಇರುತ್ತಿತ್ತು. ಭತ್ತ ಬರಲಿಲ್ಲ, ಜೋಳವೂ ಬರಲಿಲ್ಲ. ಆಮೇಲೆ ಹೊಂಡ ತೆಗೆಸಿ ಕಾಟ್ಲಾ, ರೋಹು, ಮೃಗಾಲ್ ಜಾತಿಯ ಮೀನು ಬಿಟ್ಟೆವು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಈ ವರ್ಷ ಮರಿ ಬಿಡುವುದೇ ಬೇಡ ಅಂತ ಮನೆಯಲ್ಲಿ ಮಾತಾಗಿತ್ತು. ಗೇಟು ಕೂರಿಸಿದರು, ನೀರು ನಿಂತಿತು, ನಾವೂ ಸೆಪ್ಟೆಂಬರಿನಲ್ಲಿ 6,000 ಮರಿ ಬಿಟ್ಟೆವು.

ಗಿಡಮೂಲಿಕೆಯೇ ಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಮೀನಿಗೆ ಹೇನು ಬಿದ್ದರೆ ಕುರಿಗೆ ಉಣ್ಣಿ ಬಿಡಿಸಲು ಬಳಸುವ ಔಷಧಿಯನ್ನೇ ಹೊಂಡಕ್ಕೆ ಸುರಿಯುವವರು ಇದ್ದಾರೆ. ಹೇನು ಸಾಯುತ್ತದೆ ನಿಜ. ಅದರ ಜೊತೆಗೆ ನೀರಿನಲ್ಲಿರುವ ಸಣ್ಣ ಹುಳುಗಳೂ ಸಾಯುತ್ತವೆ, ಅವೇ ಕಾಟ್ಲಾದ ಊಟ. ಅಳತೆ ಸ್ವಲ್ಪ ತಪ್ಪಿದರೆ ಮೀನೇ ಹೋಗುತ್ತದೆ. ಇನ್ನು ಆಂಟಿಬಯಾಟಿಕ್. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಜಾತಿಯವು ಮೀನು ಸಾಕಣೆಯಲ್ಲಿ ನಿಷೇಧ ಇವೆ. ನಿಷೇಧ ಇರಲಿ ಬಿಡಲಿ, ನಮ್ಮ ಹೊಂಡದ ಮೀನನ್ನು ನಮ್ಮ ಮಕ್ಕಳು ತಿನ್ನುತ್ತಾರೆ, ಹೊಂಡದ ನೀರು ಹಳ್ಳಕ್ಕೆ ಹೋಗುತ್ತದೆ, ಆ ಹಳ್ಳದಲ್ಲಿ ಊರಿನ ಎಮ್ಮೆ ನೀರು ಕುಡಿಯುತ್ತವೆ. ಹಾಗಾಗಿ ಬೇವು, ಅರಿಶಿಣ, ಬೆಳ್ಳುಳ್ಳಿ ಅಂದರೆ ನನಗೆ ಮೊದಲೇ ಒಲವು.

ಮೊದಲ ಕಾಯಿಲೆ ಡಿಸೆಂಬರಿನಲ್ಲಿ ಬಂತು. ಚಳಿ ಬಿದ್ದು ವಾರವಾಗಿತ್ತು. ಬೀಸುಬಲೆಗೆ ಬಂದ ಮೃಗಾಲಿನ ಹೊಟ್ಟೆಯ ಪಕ್ಕ ಎಂಟಾಣೆಯಷ್ಟು ಅಗಲದ ಕೆಂಪು ಕಲೆ. ಇನ್ನೊಂದಕ್ಕೆ ಹುರುಪೆ ಕಿತ್ತು ಮಾಂಸ ಕಾಣುತ್ತಿತ್ತು. 50 ಮೀನು ಎಣಿಸಿ ನೋಡಿದೆ, 11ಕ್ಕೆ ಕಲೆ ಇತ್ತು.

ನಮ್ಮೂರಿಂದ ಸ್ವಲ್ಪ ದೂರದಲ್ಲಿ ಬಂಗಾಳಿಗಳ ಕ್ಯಾಂಪು ಇದೆ. ಅಲ್ಲಿ ಒಬ್ಬ ಹಿರಿಯರಿದ್ದಾರೆ, ನಾನು ಕಾಕಾ ಅನ್ನುತ್ತೇನೆ. ಹುಟ್ಟಿದಾಗಿನಿಂದ ಮೀನಿನ ಜೊತೆಗೇ ಇದ್ದವರು. ಮೀನನ್ನು ಕೈಯಲ್ಲಿ ತಿರುಗಿಸಿ ನೋಡಿ, ಕಿವಿರು ಎತ್ತಿ ಮೂಸಿದರು. "ಇದು ಹುಣ್ಣಿನ ರೋಗ. ನಮ್ಮ ನೆಂಟರ ಊರಾಗ 1988ರಾಗ ಬಂದಿತ್ತು, ಹಳ್ಳದಾಗಿನ ಕೊರವ ಮೀನೆಲ್ಲಾ ಕೊಳೆತು ತೇಲಿದ್ವು" ಅಂದರು. ಆಮೇಲೆ ನಾನು ಓದಿದೆ. ಆ ವರ್ಷವೇ ತ್ರಿಪುರ, ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಈ ರೋಗ ಭಾರತಕ್ಕೆ ಬಂದದ್ದು. ಅಫನೊಮೈಸಿಸ್ ಇನ್ವೇಡನ್ಸ್ ಅನ್ನುವ ಬೂಷ್ಟಿನಂಥ ಜೀವಿ ಮಾಂಸದೊಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಬಂದು ಹುಣ್ಣನ್ನು ದೊಡ್ಡದು ಮಾಡುತ್ತದೆ. ಚಳಿಗಾಲದಲ್ಲಿ ಹೆಚ್ಚು. ನನ್ನ ಹೊಂಡದ್ದು ಅದೇನಾ, ಬರೀ ಬ್ಯಾಕ್ಟೀರಿಯಾದ ಹುಣ್ಣಾ ಅನ್ನುವುದನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ ಸೀಫ್ಯಾಕ್ಸ್ ಅನ್ನುವ ಔಷಧಿ ಮಾಡಿದ್ದಾರೆ, ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್. ಅದು ಗಿಡಮೂಲಿಕೆಯದಲ್ಲ. ಆವತ್ತು ನನಗೆ ಅದು ಸಿಗಲೂ ಇಲ್ಲ.

ಬಂಗಾಳ, ಅಸ್ಸಾಂ ಕಡೆ ಇದಕ್ಕೆ ಹಳೆಯ ಮದ್ದು ಸುಣ್ಣ ಮತ್ತು ಅರಿಶಿಣ. ಹತ್ತು ಪಾಲು ಸುಣ್ಣಕ್ಕೆ ಒಂದು ಪಾಲು ಅರಿಶಿಣ. ಎಕರೆಗೆ 40 ಕೆಜಿ ಸುಣ್ಣ, 4 ಕೆಜಿ ಅರಿಶಿಣ ಅಂತ ಲೆಕ್ಕ ಹಾಕಿ ನಾನು ಚೀಟಿ ಬರೆದುಕೊಂಡು ಎದ್ದೆ. ಕಾಕಾ ಕೈ ಹಿಡಿದು ಕೂರಿಸಿದರು.

"ಮೊದ್ಲ ನೀರು ನೋಡು ಮಗಳ. ಬಂಗಾಳದ ನೀರು ಹುಳಿ, ನಿಂದು ಸವಳು. ಅಲ್ಲಿ ಲೆಕ್ಕ ಇಲ್ಲಿ ನಡಿಯಂಗಿಲ್ಲ."

ಈ ಒಂದು ಮಾತಿಗೆ ನಾನು ಅವರಿಗೆ ಎಷ್ಟು ಋಣಿ ಅಂದರೆ ಬರೆದು ತೀರಿಸಲು ಆಗುವುದಿಲ್ಲ. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ ನೋಡಿದೆ. ಬೆಳಿಗ್ಗೆ 8.3, ಮಧ್ಯಾಹ್ನ ಮೂರಕ್ಕೆ 9.1. ಎರೆಭೂಮಿಯ ಸವಳು ನೀರು ಮೊದಲೇ ಕ್ಷಾರ. ಅದಕ್ಕೆ ಮತ್ತೆ 80 ಕೆಜಿ ಸುಟ್ಟ ಸುಣ್ಣ ಬಿದ್ದಿದ್ದರೆ ಪಿಎಚ್ ಇನ್ನೂ ಏರುತ್ತಿತ್ತು. ಪಿಎಚ್ ಏರಿದಷ್ಟೂ ನೀರಿನಲ್ಲಿರುವ ಅಮೋನಿಯಾ ವಿಷವಾಗುತ್ತದೆ. ಹುಣ್ಣಿನಿಂದ ಉಳಿದ ಮೀನು ಸುಣ್ಣದಿಂದ ಹೋಗುತ್ತಿತ್ತು. ಸುಣ್ಣವನ್ನು ಕಾಲು ಭಾಗಕ್ಕೆ, ಅಂದರೆ 20 ಕೆಜಿಗೆ ಇಳಿಸಿದೆವು. ಅರಿಶಿಣ 8 ಕೆಜಿ ಹಾಗೆಯೇ ಇರಲಿ ಅಂದರು. ಹಾಕುವುದು ಪಿಎಚ್ ಕಡಿಮೆ ಇರುವ ಬೆಳಗಿನ ಹೊತ್ತು ಮಾತ್ರ. ನೀವು ಸಿಂಧನೂರು, ಮಾನ್ವಿ, ಕಾರಟಗಿ ಕಡೆಯವರಾಗಿದ್ದರೆ, ಎಲ್ಲೋ ಓದಿದ ಸುಣ್ಣದ ಅಳತೆಯನ್ನು ದಯವಿಟ್ಟು ಹಾಗೇ ತಂದು ಹಾಕಬೇಡಿ. ಪಿಎಚ್ ನೋಡುವ ಸಣ್ಣ ಕಿಟ್ಟು ಮೇವಿನ ಅಂಗಡಿಯಲ್ಲೇ ಸಿಗುತ್ತದೆ.

ಅರಿಶಿಣದ ಬಗ್ಗೆ ಒಂದು ಮಾತು. ಪುಡಿ ಕೊಳ್ಳಬೇಡಿ, ಕೊಂಬು ಕೊಂಡು ಬೀಸಿಸಿ. ಪುಡಿಯಲ್ಲಿ ಹಿಟ್ಟು, ಬಣ್ಣ ಏನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಖಾರದ ಗಿರಣಿಯವನು 8 ಕೆಜಿ ಕೊಂಬು ನೋಡಿ, "ಅಕ್ಕಾರ, ಮದ್ವಿ ಐತೇನ್ರಿ ಮನ್ಯಾಗ?" ಅಂದ. ಮೀನಿಗೆ ಅಂದೆ. ಮೆಣಸಿನಕಾಯಿ ಹಾಕುವ ಮೊದಲು ಬೆಳಿಗ್ಗೆ ಏಳಕ್ಕೆ ತನ್ನಿ ಅಂತ ಹೇಳಿ, ಕಲ್ಲು ಒರೆಸಿ ಬೀಸಿಕೊಟ್ಟ. ಖಾರ ಬೆರೆತಿದ್ದರೆ ಮೀನಿನ ಕಿವಿರಿಗೆ ಏನಾಗುತ್ತಿತ್ತೋ. ಕೆಲಸ ಅಚ್ಚುಕಟ್ಟು. ಬೇಕಾದರೆ ಗಂಜಿನ (ಮಾರುಕಟ್ಟೆಯ) ಕಡೆ ಯಾವ ಖಾರದ ಗಿರಣಿಯಲ್ಲೂ ಬೆಳಿಗ್ಗೆ ಮೊದಲ ಪಾಳಿ ಕೇಳಿ ನೋಡಿ, ಮಾಡಿಕೊಡುತ್ತಾರೆ.

ಹೊಂಡದ ದಂಡೆಯಲ್ಲಿ ನೀಲಿ ಡ್ರಮ್ಮಿನಲ್ಲಿ ಸುಣ್ಣ ಅರಳಿಸಿ ಆರಲು ಬಿಟ್ಟಿದ್ದೆವು. ಅದಕ್ಕೆ ಅರಿಶಿಣ ಸುರಿದು ಕೋಲಿನಲ್ಲಿ ತಿರುವಿದ ಕೂಡಲೇ ಹಳದಿ ಹೋಗಿ ರಕ್ತಗೆಂಪು. ಮದುಮಕ್ಕಳಿಗೆ ಎತ್ತುವ ಆರತಿಯ ನೀರು ಡ್ರಮ್ಮಿನ ತುಂಬ ನಿಂತ ಹಾಗೆ. ಅತ್ತೆ ದಂಡೆಯ ಮೇಲೆ ಕೈ ಮುಗಿದು ನಿಂತರು. ಕಾಕಾ ಹೇಳಿದ ಹಾಗೆ ಅದನ್ನು ಹೊಂಡದ ತುಂಬ ಎರಚಲಿಲ್ಲ. ಮೇವಿನ ಚೀಲ ಕಟ್ಟಿರುವ ಬಿದಿರುಗಳ ಸುತ್ತ, ಮೀನು ಕೂಡುವ ಕಡೆ ಮಾತ್ರ ಮಗ್ಗಿನಲ್ಲಿ ಹಾಕಿದೆವು.

ಹದಿನೈದು ದಿನದ ಮೇಲೆ ಮತ್ತೆ 50 ಎಣಿಸಿದೆ, ಕಲೆ ಇದ್ದದ್ದು 4. ಸಂಕ್ರಾಂತಿ ಆಗಿ ವಾರದ ಮೇಲೆ 1. ಇದನ್ನು ಪೂರ್ತಿ ಅರಿಶಿಣದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ಚಳಿ ಕಡಿಮೆಯಾಗಿ ನೀರು ಬೆಚ್ಚಗಾಗಿತ್ತು. ನೀರು ಬೆಚ್ಚಗಾದರೆ ಈ ರೋಗ ತಾನಾಗಿ ಇಳಿಯುತ್ತದೆ. ಜೊತೆಗೆ ಅದೇ ದಿನಗಳಲ್ಲಿ ಬೆಳ್ಳುಳ್ಳಿ ಮೇವನ್ನೂ ಶುರು ಮಾಡಿದ್ದೆ. ಅದಕ್ಕೇ ಎರಡೂವರೆ ಅಂಕ.

ಈಗ ಕ್ಯಾನಿನ ಕಥೆ. ಫೆಬ್ರವರಿ ಕೊನೆಗೆ ರೋಹು ಮೀನುಗಳು ನೀರಿಂದ ಹಾರಿ ಹಾರಿ ಬೀಳತೊಡಗಿದವು, ಬಿದಿರಿಗೆ ಮೈ ಉಜ್ಜುತ್ತಿದ್ದವು. ಒಂದನ್ನು ಹಿಡಿದು ಒದ್ದೆ ಗೋಣಿಯ ಮೇಲೆ ಇಟ್ಟು ನೋಡಿದೆ. ಈಜುರೆಕ್ಕೆಯ ಬುಡದಲ್ಲಿ ಅರ್ಧ ಮಸೂರ ಬೇಳೆಯಷ್ಟು, ಗಾಜಿನ ಹಾಗೆ ಪಾರದರ್ಶಕವಾದ ಚಪ್ಪಟೆ ಹುಳು. ಉಗುರು ತಾಗಿಸಿದರೆ ಹುರುಪೆಯ ಮೇಲೆ ಸರಸರ ಜಾರುತ್ತದೆ. ಕಪ್ಪು ಚುಕ್ಕಿಯಂಥ ಎರಡು ಕಣ್ಣು. ಅಂಟಿ ಹಿಡಿದುಕೊಳ್ಳಲು ಎರಡು ಹೀರುಬಟ್ಟಲು. ಕಚ್ಚಿದ ಕಡೆಯೆಲ್ಲ ಸೂಜಿ ಚುಚ್ಚಿದ ಹಾಗೆ ಕೆಂಪು. ಒಂದೇ ರೋಹು ಮೇಲೆ 17 ಸಿಕ್ಕವು. ಇದೇ ಮೀನಿನ ಹೇನು, ಆರ್ಗುಲಸ್.

ಅಂಗಡಿಗೆ ಹೋದೆ. ಕ್ಯಾನು ತೋರಿಸಿದರು. ಬೇವು, ಅರಿಶಿಣ, ಬೆಳ್ಳುಳ್ಳಿ ಸಾರ. ಹೇನು, ಹುಣ್ಣು, ಬಾಲ ಕೊಳೆಯುವುದು, ವೈರಸ್, ಬ್ಯಾಕ್ಟೀರಿಯಾ, ಬೂಷ್ಟು ಎಲ್ಲಕ್ಕೂ ಒಂದೇ ಮದ್ದು ಅಂತ ಬರೆದಿದೆ. ಯಾವುದು ಎಷ್ಟು ಪಾಲು ಅಂತ ಇಲ್ಲ. ತಯಾರಾದ ದಿನ ಇಲ್ಲ. "ಎಕರೆಗೆ ಒಂದು ಲೀಟರ್" ಅಂತ ಇದೆ, ಎಷ್ಟು ಅಡಿ ನೀರಿಗೆ ಅನ್ನುವುದು ಇಲ್ಲ.

"ಜಾಸ್ತಿ ಆದ್ರ ಏನಾರ ಆಗತೈತೇನ್ರಿ?" ಅಂತ ಕೇಳಿದೆ.

"ಅಕ್ಕಾರ, ಇದ್ರಾಗ ಕೆಮಿಕಲ್ಲೇ ಇಲ್ರೀ. ಎಷ್ಟ ಹಾಕಿದ್ರೂ ಏನೂ ಆಗಂಗಿಲ್ಲ."

ಈ ಮಾತನ್ನು ನಾನು ಒಪ್ಪುವುದಿಲ್ಲ, ಯಾರೂ ಒಪ್ಪಬಾರದು. ಹೊಂಡದಲ್ಲಿ ಬೇಡದ ಮೀನು ಕೊಲ್ಲಲು ಮರಿ ಬಿಡುವ ಮೊದಲು ಹಾಕುವುದು ಹಿಪ್ಪೆ ಹಿಂಡಿ, ಹೆಕ್ಟೇರಿಗೆ 2,500 ಕೆಜಿಯಷ್ಟು. ಅದೂ ಮರದ ಬೀಜದ್ದೇ. ಅದನ್ನು ಹಾಕಿದ ಎರಡು ಮೂರು ವಾರ ಆ ನೀರಿಗೆ ಮರಿ ಬಿಡುವ ಹಾಗಿಲ್ಲ. ಹಿಂದೆ ಹಳ್ಳದ ಮಡುವಿನಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮಂಪರು ಬರಿಸಿ ಹಿಡಿಯುತ್ತಿದ್ದರು. ಗಿಡದಿಂದ ಬಂದದ್ದು ಮೀನಿಗೆ ಏನೂ ಮಾಡುವುದಿಲ್ಲ ಅನ್ನುವುದು ಸುಳ್ಳು. ನನಗೆ ಇದು ಓದಿ ತಿಳಿದದ್ದಲ್ಲ. ಅದರ ಹಿಂದಿನ ವರ್ಷ ಹೇನಿಗೆಂದು ಬೇವಿನ ಹಿಂಡಿ ನೆನೆಹಾಕಿ ಮೂರು ಡ್ರಮ್ಮು ರಸ ಒಂದೇ ಸಂಜೆ ಹೊಂಡಕ್ಕೆ ಬಿಟ್ಟಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಬ್ಯಾಟರಿ ಹಿಡಿದು ಹೋದರೆ, ಇಡೀ ಹೊಂಡದ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದವು. ಆ ಚಪ ಚಪ ಸದ್ದು ಇನ್ನೂ ಕಿವಿಯಲ್ಲಿದೆ. ಬೇವು ಹೆಚ್ಚಾದರೆ ಮೀನಿಗೂ ವಿಷ. ಅಷ್ಟೊಂದು ಹಿಂಡಿಯ ರಸ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಮೋಟಾರ್ ಹಾಕಿ ನೀರನ್ನು ಮೇಲಿಂದ ಚಿಮ್ಮಿಸಿ ಬೆಳಗು ಮಾಡಿದೆವು. 60ಕ್ಕೂ ಹೆಚ್ಚು ಹೋದವು. ನನ್ನ ಕೈಯಾರೆ ಆದದ್ದು ಅಂತ ಎಷ್ಟೋ ದಿನ ಊಟ ಸೇರಲಿಲ್ಲ.

ಆದರೂ ಕ್ಯಾನು ತಂದೆ. ಹೇಳಿದ ಹಾಗೆ ಎರಡು ಎಕರೆಗೆ ಎರಡು ಲೀಟರ್ ಹಾಕಿದೆ. ಮೂರನೆಯ ದಿನ ಬಲೆ ಬೀಸಿದೆ, ಹೇನು ಹಾಗೇ ಇದ್ದವು. ಹತ್ತು ದಿನ ಬಿಟ್ಟು ಇನ್ನೆರಡು ಲೀಟರ್. ಏನೂ ಆಗಲಿಲ್ಲ. ಮೀನೂ ಸಾಯಲಿಲ್ಲ, ಹೇನೂ ಸಾಯಲಿಲ್ಲ.

ಯಾಕೆ ಅಂತ ಒಂದು ರಾತ್ರಿ ಮಗಳ ಜೊತೆ ಕೂತು ಲೆಕ್ಕ ಹಾಕಿದೆ. ಎರಡು ಎಕರೆ, ಐದು ಅಡಿ ಆಳ. ನೀರು ಸುಮಾರು ಒಂದು ಕೋಟಿ 23 ಲಕ್ಷ ಲೀಟರ್. ಅದಕ್ಕೆ ನಾನು ಹಾಕಿದ್ದು ಎರಡು ಲೀಟರ್ ಕಷಾಯ. ಅರವತ್ತು ಲಕ್ಷ ಲೀಟರಿಗೆ ಒಂದು ಲೀಟರ್! ಕುರಿಯ ಉಣ್ಣಿ ಔಷಧಿಯಂಥ ಉಗ್ರ ರಾಸಾಯನಿಕ ಅಷ್ಟು ತೆಳುವಾದರೂ ಕೆಲಸ ಮಾಡೀತು. ಬೇವಿನ ಕಷಾಯ ಹೇಗೆ ಮಾಡುತ್ತದೆ? ಕೆಲಸ ಮಾಡುವಷ್ಟು ಹಾಕಲು ಹೋದರೆ ನನ್ನ ಮೂರು ಡ್ರಮ್ಮಿನ ಕಥೆ ಆಗುತ್ತದೆ. ಇದೇ ಲೆಕ್ಕ ನನ್ನ 8 ಕೆಜಿ ಅರಿಶಿಣಕ್ಕೂ ತಗಲುತ್ತದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮೀನು ಸೇರುವ ಕಡೆಗೇ ಹಾಕಿ ಅಂತ ಕಾಕಾ ಹೇಳಿದ್ದರ ಅರ್ಥ ಆಗ ಹೊಳೆಯಿತು.

ಇನ್ನೊಂದು ಕೆಲಸ ಮಾಡಿದೆ. ಅರಿಶಿಣ ಸುಣ್ಣಕ್ಕೆ ತಾಗಿದರೆ ಕೆಂಪಾಗಬೇಕಲ್ಲ. ಹಳೆಯ ಬಿಳಿ ಪಂಚೆಯ ತುಂಡು ಹರಿದು, ಒಂದು ಕಡೆ ನಮ್ಮ ಅರಿಶಿಣದ ನೀರು ಹನಿಸಿದೆ, ಇನ್ನೊಂದು ಕಡೆ ಕ್ಯಾನಿನ ದ್ರಾವಣ. ಎರಡರ ಮೇಲೂ ಎಲೆ ಅಡಿಕೆಯ ಸುಣ್ಣ ಸವರಿದೆ. ನಮ್ಮದು ಕುಂಕುಮ ಇಟ್ಟ ಹಾಗೆ ಕೆಂಪಾಯಿತು. ಕ್ಯಾನಿನದು ಕಂದು ಇದ್ದದ್ದು ಕಂದಾಗಿಯೇ ಉಳಿಯಿತು. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ. ಆದರೆ ಅರಿಶಿಣದ ಸಾರ ಅಂತ ದುಡ್ಡು ತೆಗೆದುಕೊಂಡ ಮೇಲೆ ಒಂದು ಚುಕ್ಕೆಯಾದರೂ ಕೆಂಪಾಗಬೇಕಿತ್ತು. ಆ ಬಟ್ಟೆ ಹಿಡಿದುಕೊಂಡು ಅಂಗಡಿಗೆ ಹೋದೆ. ತೆರೆದ ಕ್ಯಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ ಅಂದರು. ಒಂದು ಅಂಕ ಕೊಟ್ಟದ್ದು ಮೀನು ಕೊಲ್ಲಲಿಲ್ಲ ಅನ್ನುವುದಕ್ಕೆ.

ಹೇನು ಹೋದದ್ದು ಹೆಂಚಿನಿಂದ. ಹೇನಿನ ಹೆಣ್ಣು ಮೊಟ್ಟೆ ಇಡಲು ಮೀನನ್ನು ಬಿಟ್ಟು ಬರುತ್ತದೆ, ಗಟ್ಟಿ ವಸ್ತು ಹುಡುಕುತ್ತದೆ. ಕೆಸರಿನ ಹೊಂಡದಲ್ಲಿ ಅದಕ್ಕೆ ಗಟ್ಟಿ ಜಾಗ ಕಡಿಮೆ. ನಾವೇ ಕೊಟ್ಟರೆ ಅಲ್ಲಿಗೇ ಬರುತ್ತದೆ. ಹಳೆ ಮನೆಯ ಮಂಗಳೂರು ಹೆಂಚು, ಬಿದಿರಿನ ತುಂಡು ಹಗ್ಗಕ್ಕೆ ಕಟ್ಟಿ 30 ಕಡೆ ಇಳಿಬಿಟ್ಟೆವು. ನಾಲ್ಕು ದಿನಕ್ಕೊಮ್ಮೆ ಎತ್ತಿ ನೋಡಿದರೆ ಹೆಂಚಿನ ತಳದಲ್ಲಿ ಗಸಗಸೆ ಸಾಲಾಗಿ ಅಂಟಿಸಿದ ಹಾಗೆ ಮೊಟ್ಟೆ, ಎರಡು ಮೂರು ಸಾಲು ಜೋಡಿ ಜೋಡಿಯಾಗಿ. ಒಂದು ದಿನ ಪೂರ್ತಿ ಬಿಸಿಲಿಗೆ ಒಣಗಿಸಿ, ಕೆರೆದು, ಮತ್ತೆ ಇಳಿಬಿಡುವುದು. ನಮ್ಮ ಕಡೆಯ ಮಾರ್ಚ್ ಬಿಸಿಲಿಗೆ ಯಾವ ಮೊಟ್ಟೆ ಉಳಿಯುತ್ತದೆ? ಆರು ವಾರ ಬಿಡದೆ ಮಾಡಿದೆವು. 17 ಇದ್ದ ಕಡೆ ಒಂದೋ ಎರಡೋ ಆಯಿತು. ಖರ್ಚು ಹಗ್ಗದ್ದು ಮಾತ್ರ.

ಇನ್ನು ನಾಲ್ಕು ಅಂಕದ ಬೆಳ್ಳುಳ್ಳಿ. ಇದರ ಬಗ್ಗೆ ನನಗೆ ನಿಜವಾಗಿ ಸಮಾಧಾನ ಇದೆ. ಮದ್ದು ಕೋಟಿ ಲೀಟರ್ ನೀರಿನಲ್ಲಿ ಕರಗಿಹೋಗುವುದಿಲ್ಲ, ಮೀನಿನ ಹೊಟ್ಟೆಗೇ ಹೋಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಹೊಂಡದಲ್ಲಿ ಸುಮಾರು ಒಂದು ಟನ್ ಮೀನು ಇತ್ತು, ದಿನಕ್ಕೆ 30 ಕೆಜಿ ಮೇವು. ಅರ್ಧ ತೌಡು, ಅರ್ಧ ಶೇಂಗಾ ಹಿಂಡಿ. ಕೆಜಿ ಮೇವಿಗೆ 10 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಅರಿಶಿಣ. ಬೆಳ್ಳುಳ್ಳಿಯನ್ನು ಕಲ್ಲಿನಲ್ಲಿ ಜಜ್ಜಿ ಹತ್ತು ನಿಮಿಷ ಹಾಗೇ ಬಿಡಬೇಕು. ಜಜ್ಜಿದ ಮೇಲೆಯೇ ಅದರಲ್ಲಿ ಅಲಿಸಿನ್ ಹುಟ್ಟುವುದು, ಆ ಘಾಟು ವಾಸನೆಯೇ ಅದರ ಶಕ್ತಿ. ಕುದಿಸಬಾರದು. ಆರಿದ ಗಂಜಿಯಲ್ಲಿ ಕಲಸಿ ಮೇವಿಗೆ ಬೆರೆಸಿ, ನೆರಳಲ್ಲಿ ಒಂದು ತಾಸು ಆರಿಸಿ, ತೂತಿನ ಚೀಲಕ್ಕೆ ತುಂಬಿ ಕಟ್ಟುವುದು. ಗಂಜಿ ಇಲ್ಲದಿದ್ದರೆ ನೀರಿಗೆ ಬಿದ್ದ ಕೂಡಲೇ ಎಲ್ಲಾ ತೊಳೆದು ಹೋಗುತ್ತದೆ. ಮೊದಲ ದಿನ ಮೀನು ಅನುಮಾನ ಮಾಡಿದವು, ಸಂಜೆಗೆ ಚೀಲದಲ್ಲಿ ಅರ್ಧ ಉಳಿದಿತ್ತು. ಮೂರನೆಯ ದಿನದಿಂದ ಚೀಲ ಖಾಲಿ.

ಹತ್ತು ದಿನ ಹಾಕಿ, ಹದಿನೈದು ದಿನ ಬಿಟ್ಟು, ಮತ್ತೆ ಹತ್ತು ದಿನ. ಆಗ ಬೆಳ್ಳುಳ್ಳಿ ಕೆಜಿಗೆ 320 ರೂಪಾಯಿ, ಮನೆಯ ಸಾರಿಗೇ ಎಣಿಸಿ ಹಾಕುವ ಕಾಲ. ಹತ್ತು ದಿನಕ್ಕೆ 3 ಕೆಜಿ, 960 ರೂಪಾಯಿ ಆಯಿತು. ಅತ್ತೆಗೆ ಹೊಟ್ಟೆ ಉರಿಯಿತು, ತಪ್ಪೇನಿಲ್ಲ. ಸಣ್ಣ ಗೆಡ್ಡೆ, ಉದುರಿದ ಎಸಳು ಕಡಿಮೆಗೆ ಸಿಗುತ್ತವೆ, ಮೊಳಕೆ ಬಂದದ್ದೂ ಆಗುತ್ತದೆ, ಬೂಷ್ಟು ಹಿಡಿದದ್ದು ಮಾತ್ರ ಬೇಡ. ಒಂದು ಅಂಕ ಕಡಿದದ್ದಕ್ಕೆ ಕಾರಣ: ರೋಗ ಬಲಿತ ಮೀನು ಮೇವು ಮುಟ್ಟುವುದೇ ಇಲ್ಲ, ಅದಕ್ಕೆ ಬೆಳ್ಳುಳ್ಳಿ ತಲುಪುವುದಿಲ್ಲ. ಹುಣ್ಣು ಅಗಲವಾಗಿದ್ದ ಏಳೆಂಟು ಮೀನನ್ನು ತೆಗೆದು ಸುಣ್ಣ ಹಾಕಿ ಹೂಳಬೇಕಾಯಿತು. ಚಳಿ ಬೀಳುವ ಮೊದಲೇ, ಮೀನು ಚೆನ್ನಾಗಿ ತಿನ್ನುತ್ತಿರುವಾಗಲೇ ಶುರು ಮಾಡಬೇಕು. ನಾನು ಹದಿನೈದು ದಿನ ತಡ ಮಾಡಿದ್ದೆ.

ಜೂನಿನಲ್ಲಿ ಬಲೆ ಎಳೆದಾಗ ಕಾಟ್ಲಾ ಸರಾಸರಿ 900 ಗ್ರಾಂ ಬಂತು, ರೋಹು ಅದಕ್ಕಿಂತ ಕಡಿಮೆ. ಹೇನು ಕಚ್ಚಿದ ಗುರುತಿದ್ದ ರೋಹುವನ್ನು ವ್ಯಾಪಾರಿ ಬೇರೆ ಬುಟ್ಟಿಗೆ ಹಾಕಿ ಕೆಜಿಗೆ ಹತ್ತು ರೂಪಾಯಿ ಮುರಿದ.

ಈ ಸಲ ಕ್ಯಾನು ತರುವುದಿಲ್ಲ. ಅರಿಶಿಣದ ಕೊಂಬು ಮೇವಿಗೆ ಆಗುವಷ್ಟು ಮಾತ್ರ ತಂದಿದ್ದೇನೆ. ಹೆಂಚುಗಳನ್ನು ಮರಿ ಬಿಟ್ಟ ವಾರದಿಂದಲೇ ಇಳಿಬಿಟ್ಟಿದ್ದೇವೆ. ನಿನ್ನೆ ಎತ್ತಿದ 14 ಹೆಂಚಿನಲ್ಲಿ ಎರಡರ ತಳದಲ್ಲಿ ಮೊಟ್ಟೆಯ ಸಾಲು ಸಿಕ್ಕಿತು. ದಂಡೆಯ ಮೇಲೆ ಬಿಸಿಲಿಗೆ ಮಗುಚಿ ಇಟ್ಟಿದ್ದೇನೆ.